ವಿದ್ಧಚಿತ್ರವೂ ಪೋಲೀಸರ ಗುರುತಿನ ಛಾಯಾಚಿತ್ರವೂ

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಸುಮಾರು ಕ್ರಿ. ಶ. 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕರ್ಮವನ್ನು ನಿರೂಪಿಸುವ ಭಾಗವೊಂದುಂಟು. ಕನ್ನಡಿಯ ಪ್ರತಿಬಿಂಬದಂತೆ ಸಾದೃಶ್ಯವುಳ್ಳ ಚಿತ್ರಕ್ಕೆ ಅಲ್ಲಿ ‘ವಿದ್ಧ’ವೆಂದು ಹೆಸರು. ಬ್ರಹ್ಮಸೂತ್ರವೆಂಬ ಲಂಬರೇಖೆಯನ್ನು ಕಲ್ಪಿಸಿಕೊಂಡು ಅವಯವಗಳ ಅಂತರವನ್ನು ಅಳೆಯುವ ಕ್ರಮವನ್ನೂ, ಎದುರುಮುಖದ ಋಜುಸ್ಥಾನ ಮೊದಲಾಗಿ ಪಾರ್ಶ್ವಮುಖದ ಭಿತ್ತಿಕಸ್ಥಾನದವರೆಗಿನ ನಿಲುವುಗಳನ್ನೂ ಅಲ್ಲಿ ಹೇಳಿದೆ. ಅದೇ ವಂಶದ ನಾಲ್ಕನೆಯ ಸೋಮೇಶ್ವರನಿಗೆ ಧಾರವಾಡ ಸೀಮೆಯ ಅಣ್ಣಿಗೇರಿಯು ರಾಜಧಾನಿಯಾಗಿದ್ದಿತು. ಅರಸರ ವಿನೋದಕ್ಕೆ ಒದಗಿದ್ದ ಈ ಸಾದೃಶ್ಯವಿದ್ಯೆಯು ಶತಮಾನಗಳ ತರುವಾಯ ಬೇರೊಂದು ರೂಪದಿಂದ ಇದೇ ಸೀಮೆಯಲ್ಲಿ ದಂಡನೀತಿಗೆ ಸಾಧನವಾಯಿತು.

ಪೋಲೀಸರು ಅಪರಾಧಿಗಳ ಛಾಯಾಚಿತ್ರಗಳನ್ನು ಮೊದಲು ತೆಗೆಯಿಸುತ್ತಿದ್ದಾಗ ದೂರ, ಬೆಳಕು, ಭಂಗಿಗಳಿಗೆ ನಿಯಮವಿರಲಿಲ್ಲ. ಆದುದರಿಂದ ಒಂದನ್ನು ಮತ್ತೊಂದರೊಡನೆ ಹೋಲಿಸುವುದು ದುಸ್ಸಾಧ್ಯವಾಗಿತ್ತು. ಈ ದೋಷವನ್ನು ನೀಗಿದವನು 19ನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸ್ ನಗರದ ಪೋಲೀಸ್ ಕಚೇರಿಯಲ್ಲಿದ್ದ ಆಲ್ಫೋನ್ಸ್ ಬರ್ಟಿಲಾನ್. ಗೊತ್ತುಪಡಿಸಿದ ಪೀಠ, ಗೊತ್ತುಪಡಿಸಿದ ದೂರ, ಸಹಜಪ್ರಮಾಣದ ಏಳನೆಯ ಒಂದು ಪಾಲು, ಎದುರುಮುಖವೊಂದು, ಬಲಪಾರ್ಶ್ವವೊಂದು—ಇವು ಅವನು ವಿಧಿಸಿದ ನಿಯಮಗಳು. ಕಿವಿಯ ಆಕಾರವು ವ್ಯಕ್ತಿಭೇದವನ್ನು ಚೆನ್ನಾಗಿ ತೋರುವುದರಿಂದ ಪಾರ್ಶ್ವಚಿತ್ರಕ್ಕೆ ಅವನಲ್ಲಿ ವಿಶೇಷ ಗೌರವ. 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚಿನ ಕಾರ್ಯಾಲಯವು ಸ್ಥಾಪಿತವಾದ ಮೇಲೆ ಅವನ ಅಂಗಮಾನಪದ್ಧತಿಯು ಹಿಂದೆ ಬಿದ್ದಿತಾದರೂ ಎರಡು ಮುಖಗಳ ಛಾಯಾಚಿತ್ರವು ಉಳಿದುಕೊಂಡಿತು. ಋಜು-ಭಿತ್ತಿಕಗಳನ್ನು ನೋಡಿ ಪ್ಯಾರಿಸ್ಸಿನವರು ನಮ್ಮ ಶಾಸ್ತ್ರದಿಂದ ಎರವಲು ಪಡೆದರೆಂದು ಭ್ರಮಿಸಬೇಕಾಗಿಲ್ಲ. ಕಣ್ಣುಗಳ ಅಂತರವು ಎದುರಿನಿಂದಲೂ ಮೂಗಿನ ಏರಿಳಿತವು ಪಕ್ಕದಿಂದಲೂ ತಿಳಿಯತಕ್ಕವಾದುದರಿಂದ ಮುಖವನ್ನು ಅಳೆಯಹೊರಟವರೆಲ್ಲರೂ ಅಲ್ಲಿಗೇ ಬಂದು ಸೇರುತ್ತಾರೆ.

ಚಿತ್ರವನ್ನು ಹೇಗೆ ತೆಗೆಯಬೇಕೆಂಬುದು ಹೀಗೆ ಗೊತ್ತಾಯಿತು. ಯಾರದನ್ನು ತೆಗೆಯಬಹುದೆಂಬುದನ್ನು 1920ರ ಕೈದಿಗಳ ಗುರುತಿನ ಕಾಯಿದೆಯು ಹೇಳಿತು. ಮುಂಬಯಿ ಇಲಾಖೆಗೆ ಸೇರಿದ್ದ ನವಲಗುಂದ, ಕಲಘಟಗಿಗಳಲ್ಲಿ ಅದು ನಡೆಯುತ್ತಿತ್ತು. ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳವು ಬ್ರಿಟಿಷ್ ಹಿಂದೂಸ್ಥಾನದ ಆ ಶಾಸನದ ಮೇರೆಯಿಂದ ಹೊರಗಿತ್ತು. ಶಿಕ್ಷೆಯಾಗದವನ ಛಾಯಾಚಿತ್ರಕ್ಕೆ ಮ್ಯಾಜಿಸ್ಟ್ರೇಟರ ಆಜ್ಞೆ ಬೇಕಾಗಿತ್ತು. ಹಿಂದೆ ಶಿಕ್ಷೆ ಹೊಂದದವನು ನಿರ್ದೋಷಿಯೆಂದು ಬಿಡುಗಡೆಯಾದರೆ, ಕಾರಣವನ್ನು ಬರೆದಿಟ್ಟು ಬೇರೆ ಆಜ್ಞೆ ಮಾಡದ ಹೊರತು, ಮೂಲಫಲಕವನ್ನೂ ಪ್ರತಿಗಳನ್ನೂ ನಾಶಪಡಿಸಬೇಕು, ಇಲ್ಲವೆ ಅವನಿಗೇ ಒಪ್ಪಿಸಬೇಕು ಎಂದು ಅದರ 7ನೆಯ ಕಲಮು ವಿಧಿಸಿತ್ತು.

ಈ ಮರ್ಯಾದೆಯು ಎಲ್ಲರಿಗೂ ದೊರೆಯಲಿಲ್ಲ. 1911ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಪ್ರಕಾರ ಪಟ್ಟಿಗೆ ಸೇರಿದ ಜಾತಿಯವರು, ತಾವು ಯಾವ ಅಪರಾಧವನ್ನೂ ಮಾಡದಿದ್ದರೂ, ಬೆರಳಚ್ಚನ್ನು ಕೊಡಬೇಕಾಗಿತ್ತು. ಅಂಥವರನ್ನು ಇರಿಸಿದ್ದ ವಸತಿಯ ನೆನಪು ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ಎಂಬ ಬಡಾವಣೆಯ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಅಲ್ಲಿ ಗುರುತು ಮೊದಲು, ಅಪರಾಧದ ವಿಚಾರಣೆ ಆಮೇಲೆ. 1952ರಲ್ಲಿ ಆ ಶಾಸನವು ದೇಶಾದ್ಯಂತ ರದ್ದಾಯಿತು. 1920ರ ಕಾಯಿದೆಯ ಸ್ಥಾನಕ್ಕೆ 2022ರಲ್ಲಿ ಬಂದ ಹೊಸ ಕಾಯಿದೆಯು ಕಣ್ಣಿನ ಪಾಪೆಯ ಗುರುತನ್ನೂ ಸೇರಿಸಿಕೊಂಡು ದಾಖಲೆಯನ್ನು 75 ವರ್ಷ ಕಾಪಾಡಲು ವಿಧಿಸಿದೆ. ನಿರ್ದೋಷಿಯ ದಾಖಲೆಯನ್ನು ಅಳಿಸುವ ನಿಯಮವು ಅದರಲ್ಲಿಯೂ ಉಂಟು.

‘ಪ್ರಮಾಣ’ವೆಂಬ ಪದಕ್ಕೆ ಚಿತ್ರಶಾಸ್ತ್ರದಲ್ಲಿ ಅಳತೆಯೆಂದೂ ನ್ಯಾಯಶಾಸ್ತ್ರದಲ್ಲಿ ಯಥಾರ್ಥಜ್ಞಾನದ ಸಾಧನವೆಂದೂ ಅರ್ಥ. ಅಳತೆ ತಪ್ಪದ ಛಾಯಾಚಿತ್ರವು ಇವನು ಯಾರೆಂಬುದನ್ನು ತಿಳಿಸೀತು. ಇವನು ಏನು ಮಾಡಿದನೆಂಬುದಕ್ಕೆ ಅದು ಪ್ರಮಾಣವಾಗಲಾರದು. ಈ ಎರಡರ್ಥಗಳನ್ನು ಒಂದೆಂದು ಎಣಿಸಿದುದರ ಫಲವನ್ನು ಹುಬ್ಬಳ್ಳಿಯ ಆ ವಸತಿಯಲ್ಲಿದ್ದವರು ತಲೆಮಾರುಗಳ ಕಾಲ ಅನುಭವಿಸಿದರು.