ಕನ್ನಡಿಗೆ ಬಡಿದ ಕಣ

ಪುಣಜನೂರಿನ ಸುತ್ತ ಬಿಳಿಗಿರಿರಂಗನ ಬೆಟ್ಟದ ಕಾಡು. ಡಿಸೆಂಬರ್ ನಡುವಿನ ಮೋಡವಿಲ್ಲದ ರಾತ್ರಿ ಇಲ್ಲಿ ತಲೆಯೆತ್ತಿ ನಿಂತರೆ, ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳು ಗೀರಿದಂತೆ ಜಾರುವುದು ಕಾಣುತ್ತದೆ. ಅವುಗಳಲ್ಲಿ ಹೆಚ್ಚಿನವು ರಾಗಿ ಕಾಳಿನಂಥ ಪುಟ್ಟ ಕಣಗಳು. ಸೆಕೆಂಡಿಗೆ ಸುಮಾರು 35 ಕಿ.ಮೀ. ವೇಗದಲ್ಲಿ ಬರುವ ಅವನ್ನು ವಾತಾವರಣ ಮೇಲೆಯೇ ಸುಟ್ಟುಬಿಡುತ್ತದೆ.

ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿರುವ ಜೇಮ್ಸ್ ವೆಬ್ ದೂರದರ್ಶಕಕ್ಕೆ ಆ ರಕ್ಷೆ ಇಲ್ಲ. ಬೆರಿಲಿಯಂನಿಂದ ಮಾಡಿ ಚಿನ್ನ ಲೇಪಿಸಿದ 18 ಷಟ್ಕೋನ ತುಂಡುಗಳು ಸೇರಿ ಅದರ 6.5 ಮೀಟರ್ ಕನ್ನಡಿ. ಸುತ್ತ ಕೊಳವೆಯಿಲ್ಲ, ಕನ್ನಡಿ ಬಯಲಿಗೇ ತೆರೆದಿದೆ. 2022ರ ಮೇ 23ರಿಂದ 25ರ ನಡುವೆ ಒಂದು ಸೂಕ್ಷ್ಮ ಉಲ್ಕಾಕಣ ‘ಸಿ3’ ಎಂಬ ತುಂಡಿಗೆ ಬಡಿಯಿತು. ಇಂಥ ಪೆಟ್ಟುಗಳನ್ನು ನಿರೀಕ್ಷಿಸಿಯೇ ಕನ್ನಡಿ ಕಟ್ಟಿದ್ದರು, ಆದರೆ ಈ ಪೆಟ್ಟು ಲೆಕ್ಕಕ್ಕಿಂತ ದೊಡ್ಡದಾಗಿತ್ತು. ತುಂಡಿನ ಹಿಂದಿರುವ ಪುಟ್ಟ ಮೋಟಾರುಗಳಿಂದ ಅದನ್ನು ಸರಿಹೊಂದಿಸಿ ದೋಷವನ್ನು ಕೊಂಚ ತಗ್ಗಿಸಿದರು. ಗಾಯ ಮಾತ್ರ ಶಾಶ್ವತ. ಇಡೀ ಕನ್ನಡಿಯ ನೋಟಕ್ಕೆ ಅದರಿಂದಾದ ನಷ್ಟ ಅತ್ಯಲ್ಪ ಎಂಬುದು ನೆಮ್ಮದಿಯ ಸಂಗತಿ.

ಮಳೆಯಲ್ಲಿ ಓಡುವವರ ಮುಖಕ್ಕೇ ಹೆಚ್ಚು ಹನಿ ಬಡಿಯುವುದಲ್ಲವೇ? ಅದಕ್ಕೇ ವೆಬ್ ಈಗ ತಾನು ಸಾಗುವ ದಿಕ್ಕಿಗೆ ಮುಖಮಾಡುವುದನ್ನು ಆದಷ್ಟು ತಪ್ಪಿಸುತ್ತದೆ.

ಎಲ್ಲ ಬಾಹ್ಯಾಕಾಶ ದೂರದರ್ಶಕಗಳೂ ವೆಬ್‌ನಂತೆ ಬಯಲಿಗೆ ತೆರೆದಿರುವುದಿಲ್ಲ. ಭಾರತದ ಖಗೋಳ ವೀಕ್ಷಣಾ ಉಪಗ್ರಹ ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಂದು ಹಾರಿತು. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ರೂಪುಗೊಂಡ ಅದರ ನೇರಳಾತೀತ ದೂರದರ್ಶಕದಲ್ಲಿ, ಸುಮಾರು 38 ಸೆಂ.ಮೀ. ಅಗಲದ ಎರಡು ಕನ್ನಡಿಗಳು ಕೊಳವೆಗಳೊಳಗೆ ಹುದುಗಿವೆ.