ಬಿಳಿಯ ಕಾಗೆ, ಬಿಳಿಯ ಹುಲಿ

ನಮ್ಮ ಧಾರವಾಡ ಸೀಮೆಯಲ್ಲಿ ಸುಳ್ಳು ಹೇಳುವವನಿಗೆ ‘ಕಾಗಿ ಹಾರಿಸತಾನ’ ಎನ್ನುವ ರೂಢಿಯುಂಟು. ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಲ್ಲಿ ಕಳೆದ ನನ್ನ ಬಾಲ್ಯದಲ್ಲಿ ಒಂದು ದಿನ ನಾನು ನಿಜವಾಗಿಯೂ ಒಂದು ಕಾಗೆಯ ಸುದ್ದಿಯನ್ನು ಶಾಲೆಗೆ ಹೊತ್ತುಕೊಂಡು ಹೋದೆ. ಕಣದ ಬದಿಯ ಬೇವಿನ ಮರದಲ್ಲಿ ಬಿಳಿಯ ಕಾಗೆಯೊಂದು ಕುಳಿತಿದೆ ಎಂದೆ. ಮಾಸ್ತರರು ನಕ್ಕು, “ತಮ್ಮಾ, ಕಾಗಿ ಹಾರಿಸೂದಕ್ಕೂ ಒಂದು ಮಿತಿ ಇರ್ತದ” ಎಂದರು. ಸಂಜೆ ಅವರೇ ಬಂದು ನೋಡಿ ಸುಮ್ಮನೆ ನಿಂತುಬಿಟ್ಟರು.

ಉಳಿದ ಕಾಗೆಗಳು ಅದರ ಜೊತೆಗೆ ಕುಳಿತು ಕಾಳು ಹೆಕ್ಕುತ್ತಿದ್ದವು. ಅದು ಬೆಳ್ಳಗಿದೆಯೆಂಬುದು ಅವುಗಳ ಲಕ್ಷ್ಯಕ್ಕೇ ಬಂದಂತಿರಲಿಲ್ಲ. ಲಕ್ಷ್ಯಕ್ಕೆ ಬಂದದ್ದು ನಮಗೆ, ಹುಡುಗರಿಗೆ. ದಾರದ ಉರುಲು ಒಡ್ಡಿ ಹಿಡಿದೆವು, ಬುಟ್ಟಿಯ ಕೆಳಗೆ ಮುಚ್ಚಿಟ್ಟೆವು. ಊರೇ ನೋಡಲು ಬಂದಿತು. ಒಬ್ಬರು ಶನಿಯ ವಾಹನವೆಂದು ಹೆದರಿದರು, ಮತ್ತೊಬ್ಬರು ಶುಭಶಕುನವೆಂದು ಕೈಮುಗಿದರು, ಮೂರನೆಯವರು ಸಂತೆಯಲ್ಲಿ ಎಷ್ಟಕ್ಕೆ ಹೋದೀತೆಂದು ಕೇಳಿದರು. ಮೂರನೆಯ ದಿನ ಬುಟ್ಟಿ ಎತ್ತಿದಾಗ ಕಾಗೆ ಸತ್ತಿತ್ತು. ಅಜ್ಜ ಬಯ್ಯಲಿಲ್ಲ. “ಅದು ತನ್ನ ಪಾಡಿಗೆ ಕಾಗಿ ಆಗಿತ್ತೋ. ನೀವು ಅದನ್ನ ಬಿಳೀ ಕಾಗಿ ಮಾಡಿದ್ರಿ” ಎಂದಷ್ಟೇ ಹೇಳಿದ.

ಆ ಮಾತಿನ ಅರ್ಥ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಬಿಳಿಯ ಹುಲಿಯ ಚರಿತ್ರೆಯನ್ನು ಓದುವಾಗ.

1951ರ ಮೇ ತಿಂಗಳಲ್ಲಿ ರೀವಾ ಸೀಮೆಯ ಕಾಡಿನಲ್ಲಿ ಮರಿಗಳೊಡನಿದ್ದ ಹೆಣ್ಣುಹುಲಿಯೊಂದು ಬೇಟೆಗಾರರಿಗೆ ಎದುರಾಯಿತು. ಮರಿಗಳಲ್ಲಿ ಒಂದು ಬೆಳ್ಳಗಿತ್ತು. ತಾಯಿ ಗುಂಡಿಗೆ ಬಲಿಯಾಯಿತು. ಬಿಳಿಯ ಮರಿ ಮಾತ್ರ ಮಹಾರಾಜ ಮಾರ್ತಾಂಡಸಿಂಹರ ಗೋವಿಂದಗಢದ ಅರಮನೆಯನ್ನು ಸೇರಿ ‘ಮೋಹನ’ ಎಂಬ ಹೆಸರು ಪಡೆಯಿತು. ಅದಕ್ಕೆ ‘ಬೇಗಂ’ ಎಂಬ ಸಾಧಾರಣ ಬಣ್ಣದ ಹೆಣ್ಣನ್ನು ಜೋಡಿಮಾಡಿದರು. ಸೂಲಿನ ಮೇಲೆ ಸೂಲಾದರೂ ಒಂದೂ ಬಿಳಿಯ ಮರಿ ಹುಟ್ಟಲಿಲ್ಲ. ಕೊನೆಗೆ ಮೋಹನನನ್ನು ಅದರ ಮಗಳಾದ ‘ರಾಧಾ’ಳೊಡನೆಯೇ ಕೂಡಿಸಿದರು. 1958ರ ಅಕ್ಟೋಬರ್ 30ರಂದು ನಾಲ್ಕು ಬಿಳಿಯ ಮರಿಗಳು ಹುಟ್ಟಿದವು. ಅವುಗಳಲ್ಲೊಂದಾದ ಮೋಹಿನಿ 10,000 ಡಾಲರಿಗೆ ಮಾರಾಟವಾಗಿ, 1960ರಲ್ಲಿ ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷ ಐಸೆನ್‌ಹೋವರರ ದರ್ಶನ ಪಡೆಯಿತು. ಅದೇ 1958ರಲ್ಲಿಯೇ ಕಾಡಿನ ಕೊನೆಯ ಬಿಳಿಯ ಹುಲಿ ಹಜಾರಿಬಾಗ್ ಬಳಿ ಗುಂಡಿಗೆ ಬಿದ್ದಿತೆಂದು ದಾಖಲೆಗಳು ಹೇಳುತ್ತವೆ. ಪಂಜರದಲ್ಲಿ ಬಿಳುಪು ಬೆಳೆಯತೊಡಗಿದ ವರ್ಷವೇ ಕಾಡಿನಲ್ಲಿ ಅದು ಅಳಿಯಿತು.

ಹೀಗೇಕಾಯಿತು? ಪ್ರಾಣಿಗಳ ಚರ್ಮ, ಕೂದಲು, ಗರಿಗಳ ಕಪ್ಪಿಗೂ ಕೆಂಪಿಗೂ ಮೆಲನಿನ್ ಎಂಬ ವರ್ಣದ್ರವ್ಯ ಕಾರಣ. ಅದು ದೇಹದಲ್ಲಿ ಉತ್ಪತ್ತಿಯೇ ಆಗದಿದ್ದರೆ ಕಣ್ಣೂ ಬಣ್ಣವಿಲ್ಲದೆ, ರಕ್ತದ ಕೆಂಪು ಹೊರಗೆ ಕಾಣುತ್ತದೆ. ಇದಕ್ಕೆ ಆಲ್ಬಿನಿಸಂ ಎಂದು ಹೆಸರು. ವರ್ಣಕೋಶಗಳು ಚರ್ಮವನ್ನು ತಲುಪದೆ ಮೈ ಮಾತ್ರ ಬೆಳ್ಳಗಾಗಿ ಕಣ್ಣು ಕಪ್ಪಾಗಿಯೇ ಉಳಿದರೆ ಅದು ಲ್ಯೂಸಿಸಂ. ಬುಟ್ಟಿಯ ಸಂದಿಯಿಂದ ನನ್ನನ್ನು ನೋಡುತ್ತಿದ್ದ ಆ ಕಣ್ಣು ಕಪ್ಪಾಗಿತ್ತೆಂಬುದು ನನಗೆ ಇಂದಿಗೂ ನೆನಪಿದೆ. ಬಿಳಿಯ ಹುಲಿಯದು ಈ ಎರಡೂ ಬಗೆಯಲ್ಲ. ಅದರ ಪಟ್ಟೆಗಳ ಕಪ್ಪು ಉಳಿದು, ಕೆಂಪು-ಹಳದಿ ಮಾತ್ರ ಇಲ್ಲವಾಗಿರುತ್ತದೆ. ಒಂದೇ ಒಂದು ವಂಶವಾಹಿಯ ಸಣ್ಣ ಬದಲಾವಣೆ ಇದಕ್ಕೆ ಕಾರಣವೆಂದು 2013ರಲ್ಲಿ ಚೀನದ ಸಂಶೋಧಕರು ತೋರಿಸಿದರು. ಆ ಬದಲಾದ ವಂಶವಾಹಿ ತಂದೆತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮರಿ ಬೆಳ್ಳಗಾಗುತ್ತದೆ. ಬೇಗಂಳ ಮರಿಗಳು ಅದನ್ನು ಒಳಗೇ ಹೊತ್ತಿದ್ದವು, ಹೊರಗೆ ತೋರಲಿಲ್ಲ.

ಬಿಳುಪು ತಾನಾಗಿ ರೋಗವಲ್ಲ. ಬೆಳೆದು ದೊಡ್ಡವಾದ ಬಿಳಿಯ ಹುಲಿಗಳನ್ನು ಹಿಂದೆ ಕಾಡಿನಲ್ಲಿ ಬೇಟೆಯಾಡಿದ ದಾಖಲೆಗಳುಂಟು. ಅಂದರೆ ಅವು ಅಲ್ಲಿ ಬದುಕಿ ಬಾಳಿದ್ದವು. ನಮ್ಮ ಗಡಿಗೆ ತಗುಲಿದ ನೀಲಗಿರಿಯಲ್ಲಿ 2017ರಲ್ಲಿ ಬಣ್ಣ ಮಾಸಿದ ಹುಲಿಯೊಂದು ಛಾಯಾಚಿತ್ರಕ್ಕೆ ಸಿಕ್ಕಿತು. ಕುಂದು ತಂದದ್ದು ನಮ್ಮ ಆಸೆ. ಬಿಳುಪನ್ನು ಉಳಿಸಿಕೊಳ್ಳಲು ರಕ್ತಸಂಬಂಧಿಗಳನ್ನೇ ಮತ್ತೆ ಮತ್ತೆ ಕೂಡಿಸಿದ್ದರಿಂದ ದುರ್ಬಲ ಮರಿಗಳು, ವಿಕಲಾಂಗ ಮರಿಗಳು ಹುಟ್ಟಿದವು. ಮೃಗಾಲಯದ ಕಟಕಟೆಗೆ ಮುಖವಿಟ್ಟು ಮೆಚ್ಚುವ ನಮಗೆ ಆ ಲೆಕ್ಕ ಕಾಣುವುದಿಲ್ಲ.

ಬಣ್ಣ ಬೇರೆ ದಿಕ್ಕಿಗೂ ಹೊರಳುತ್ತದೆ. ನಮ್ಮ ನೆರೆಯ ದಾಂಡೇಲಿಯ ಕಾಡು ಕರಿಚಿರತೆಗೆ ಹೆಸರಾದುದು. ಒಡಿಶಾದ ಸಿಮಿಲಿಪಾಲದ ಕಪ್ಪು ಹುಲಿಗಳ ಗುಟ್ಟನ್ನು ಬಿಡಿಸಿದವರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು; 2021ರಲ್ಲಿ. ಉಳಿದ ಹುಲಿಗಳಿಂದ ದೂರವಾಗಿ ಒಂಟಿಯಾದ ಸಣ್ಣ ಹಿಂಡಿನಲ್ಲಿ ಅಪರೂಪದ ಬಣ್ಣವೂ ಬಳಕೆಯ ಬಣ್ಣವಾಗುತ್ತದೆಂದು ಅವರು ಎಚ್ಚರಿಸಿದರು. ವಿಚಿತ್ರ ಬಣ್ಣ ಕೆಲವೊಮ್ಮೆ ಕಾಡು ಕುಗ್ಗಿದುದರ ಗುರುತು.

ಕರ್ನಾಟಕಕ್ಕೂ ಈ ಸೋಜಿಗ ಬಂದಿದೆ. 2025ರಲ್ಲಿ ವಿಜಯನಗರ ಜಿಲ್ಲೆಯಲ್ಲಿ ಸಂಜಯ್ ಗುಬ್ಬಿಯವರ ತಂಡದ ಕ್ಯಾಮೆರಾಕ್ಕೆ ಮೈಯೆಲ್ಲ ತಿಳಿಗೆಂಪಾದ ಚಿರತೆಯೊಂದು ಕಾಣಿಸಿತು. ಅದರ ಚುಕ್ಕೆಗಳಲ್ಲಿ ಕಪ್ಪಿರಲಿಲ್ಲ. ನಮ್ಮ ನಾಡಿನ ಗಂಧದ ಮರವನ್ನು ನೆನೆದು ಅದಕ್ಕೆ ಶ್ರೀಗಂಧದ ಚಿರತೆ ಎಂದು ಹೆಸರಿಟ್ಟರು. ಹೆಸರು ಸೊಗಸಾಗಿದೆ. ಆದರೆ ಹೆಸರಿಟ್ಟ ಗಳಿಗೆಯಿಂದಲೇ ಅದನ್ನು ನೋಡಬೇಕೆಂಬ ಹಂಬಲವೂ ಹುಟ್ಟುತ್ತದೆ. ಸುದ್ದಿ ಓದಿದಾಗ ನನ್ನೊಳಗಿನ ಹುಡುಗನೂ ಒಮ್ಮೆ ಉರುಲಿನ ದಾರಕ್ಕೆ ಕೈಹಾಕಿದ.

ಮರುಗಳಿಗೆ ಅಜ್ಜನ ಮಾತು ನೆನಪಾಯಿತು. ಆ ಚಿರತೆ ತನ್ನ ಪಾಡಿಗೆ ಚಿರತೆ. ಹಸಿದಾಗ ಬೇಟೆಯಾಡುತ್ತದೆ, ಬಂಡೆಯ ನೆರಳಿನಲ್ಲಿ ಮಲಗುತ್ತದೆ. ಅದಕ್ಕೆ ತನ್ನ ಬಣ್ಣದ ಅರಿವಿಲ್ಲ. ಅದನ್ನು ಹಾಗೆಯೇ ಬಿಟ್ಟರೆ, ಬುಟ್ಟಿಯ ಕೆಳಗೆ ಸತ್ತ ಆ ಕಾಗೆಯ ಋಣ ತುಸುವಾದರೂ ತೀರೀತು.