ಗೆದ್ದವಳಿಗಿಂತ ದೊಡ್ಡವಳು

1973ರ ಬೆಲ್ಮಾಂಟ್ ಸ್ಟೇಕ್ಸ್ ವಿಡಿಯೋ ನೋಡಿಲ್ಲ ಅಂದ್ರೆ ಇವತ್ತೇ ನೋಡಿ. ಸೆಕ್ರೆಟೇರಿಯಟ್ ಅನ್ನೋ ಕುದುರೆ ಹನ್ನೆರಡು ಫರ್ಲಾಂಗ್, ಅಂದ್ರೆ ಸುಮಾರು 2400 ಮೀಟರ್, 2 ನಿಮಿಷ 24 ಸೆಕೆಂಡಿನಲ್ಲಿ ಓಡಿ 31 ಲೆಂಗ್ತ್ ಅಂತರದಿಂದ ಗೆಲ್ಲುತ್ತದೆ. ಹಿಂದಿನ ಕುದುರೆಗಳು ಬೇರೆ ಯಾವುದೋ ರೇಸಿನಲ್ಲಿವೆಯೇನೋ ಅನ್ನಿಸುತ್ತೆ.

ಕುತೂಹಲಕ್ಕೆ ಅದರ ವಂಶಾವಳಿ ತೆಗೆದು ನೋಡಿದೆ. ಅಪ್ಪ ಬೋಲ್ಡ್ ರೂಲರ್. ಅಜ್ಜ ನಸ್ರುಲ್ಲಾ. ನಸ್ರುಲ್ಲಾನ ತಾಯಿ ಮುಮ್ತಾಜ್ ಬೇಗಂ. ಅವಳ ತಾಯಿ ಮುಮ್ತಾಜ್ ಮಹಲ್. ಅಮೆರಿಕದ ಕುದುರೆಗೂ ಆಗ್ರಾದ ರಾಣಿಗೂ ಎಲ್ಲಿಯ ನಂಟು?

ನಂಟು ತಂದದ್ದು ಕರಾಚಿಯಲ್ಲಿ ಹುಟ್ಟಿದ, ಇಸ್ಮಾಯಿಲಿಗಳ ಧರ್ಮಗುರು ಮೂರನೇ ಆಗಾ ಖಾನ್. 1922ರಲ್ಲಿ ಇಂಗ್ಲೆಂಡಿನ ಡಾನ್‌ಕಾಸ್ಟರ್ ಹರಾಜಿನಲ್ಲಿ ಅವರ ಪರವಾಗಿ ಜಾರ್ಜ್ ಲ್ಯಾಂಬ್ಟನ್ ಒಂದು ವರ್ಷದ ಹೆಣ್ಣುಮರಿಯನ್ನು 9,100 ಗಿನಿ ಕೊಟ್ಟು ಕೊಂಡರು. ಬೂದು ಮೈ, ಅದರ ಮೇಲೆ ಚುಕ್ಕಿ. ಆ ಬಣ್ಣವೂ ವೇಗವೂ ಅಪ್ಪ ದಿ ಟೆಟ್ರಾರ್ಕ್‌ನಿಂದ ಬಂದದ್ದು. ಅವನು 1913ರಲ್ಲಿ ಓಡಿದ ಏಳು ರೇಸುಗಳನ್ನೂ ಗೆದ್ದಿದ್ದ.

1923ರಲ್ಲಿ ಎರಡು ವರ್ಷದ ಮುಮ್ತಾಜ್ ಕಣಕ್ಕಿಳಿದಳು. ಆರರಲ್ಲಿ ಐದು ಗೆಲುವು. ಆಸ್ಕಾಟ್‌ನ ಕ್ವೀನ್ ಮೇರಿ ಸ್ಟೇಕ್ಸ್ ಗೆದ್ದದ್ದು ಹತ್ತು ಲೆಂಗ್ತ್‌ಗಳಿಂದ. ಐದು ಫರ್ಲಾಂಗ್‌ನ ರೇಸ್ ಒಂದು ನಿಮಿಷದ ಆಸುಪಾಸಿನಲ್ಲೇ ಮುಗಿದುಹೋಗುತ್ತೆ. ಅಷ್ಟರಲ್ಲಿ ಹತ್ತು ಲೆಂಗ್ತ್ ಅಂದ್ರೆ ಹುಡುಗಾಟವಲ್ಲ. ಜನ ಅವಳನ್ನು ‘ಹಾರುವ ಹೆಣ್ಣುಮರಿ’ ಅಂತಲೇ ಕರೆದರು.

ಮರುವರ್ಷ ಕಥೆ ಬದಲಾಯ್ತು. ದೊಡ್ಡ ಮರ್ಯಾದೆ ಇದ್ದದ್ದು ದೂರದ ಓಟಕ್ಕೆ. ಎಂಟು ಫರ್ಲಾಂಗ್‌ನ ಒನ್ ಥೌಸಂಡ್ ಗಿನೀಸ್‌ನಲ್ಲಿ ಕೊನೆಗೆ ಉಸಿರು ಸಾಲದೆ ಪ್ಲಾಕ್ ಎಂಬ ಹೆಣ್ಣುಕುದುರೆಗೆ ಸೋತಳು. ಕೊರೊನೇಷನ್ ಸ್ಟೇಕ್ಸ್‌ನಲ್ಲೂ ಕೈಗೂಡಲಿಲ್ಲ. ಮತ್ತೆ ಕಡಿಮೆ ದೂರಕ್ಕೆ ತಂದಾಗ ಗುಡ್‌ವುಡ್‌ನಲ್ಲಿ, ಯಾರ್ಕ್‌ನಲ್ಲಿ ನೀರು ಕುಡಿದಷ್ಟು ಸಲೀಸಾಗಿ ಗೆದ್ದಳು. ಒಟ್ಟು ಹತ್ತು ಓಟ, ಏಳು ಗೆಲುವು. ‘ಬರೀ ಸ್ಪ್ರಿಂಟರ್’ ಅನ್ನೋ ಷರಾ ಹಾಕಿ ಮುಚ್ಚಬಹುದಾದ ಫೈಲು.

ಆದರೆ ಅಸಲಿ ಕಥೆ ಶುರುವಾಗುವುದೇ ಲಾಯಕ್ಕೆ ಮರಳಿದ ಮೇಲೆ. ಆಗಾ ಖಾನ್ ಅವಳನ್ನೂ ಅವಳ ಹೆಣ್ಣುಮಕ್ಕಳನ್ನೂ ದೂರ ಓಡಬಲ್ಲ ಗಂಡುಕುದುರೆಗಳ ಜೊತೆ ಸೇರಿಸಿದರು. ವೇಗ ಇವಳದು, ದಮ್ಮು ಅವರದು. ಮಗಳು ಮಾಹ್ ಮಹಲ್‌ಳ ಮಗ ಮಹಮೂದ್ 1936ರ ಎಪ್ಸಮ್ ಡರ್ಬಿಯನ್ನು ದಾಖಲೆ ಸಮಯದಲ್ಲಿ ಗೆದ್ದ. ಆ ದಾಖಲೆ ಮುರಿಯಲು 1995 ಬರಬೇಕಾಯ್ತು! ಇನ್ನೊಬ್ಬ ಮಗಳು ಮುಮ್ತಾಜ್ ಬೇಗಂ ನಸ್ರುಲ್ಲಾನನ್ನು ಹೆತ್ತಳು. ನಸ್ರುಲ್ಲಾ ಅಮೆರಿಕಕ್ಕೆ ಹೋದ, ಸೆಕ್ರೆಟೇರಿಯಟ್‌ನ ಅಜ್ಜನಾದ. ಇದೇ ಬೇಗಂಳ ಮೊಮ್ಮಗ ರಾಯಲ್ ಚಾರ್ಜರ್‌ನ ಸಂತತಿಯಲ್ಲೇ ಜಪಾನಿನ ಡೀಪ್ ಇಂಪ್ಯಾಕ್ಟ್ ಬರುತ್ತಾನೆ. 2008ರಲ್ಲಿ ಪ್ಯಾರಿಸ್‌ನ ಆರ್ಕ್ ಗೆದ್ದು, ಒಮ್ಮೆಯೂ ಸೋಲದೆ ನಿವೃತ್ತಳಾದ ಜರ್ಕಾವಾ ಕೂಡ ಈ ಅಜ್ಜಿಯ ಕುಡಿಯೇ, ಅದೂ ತಾಯಿಯಿಂದ ತಾಯಿಗೆ ನೇರವಾಗಿ.

ನನಗೆ ಕಾಡಿದ್ದು ಒಂದು ಸಣ್ಣ ವಿಷಯ. ರೇಸ್ ಜಗತ್ತು ಮನೆತನಕ್ಕೆ ಗಂಡಿನ ಹೆಸರೇ ಇಡುತ್ತೆ: ‘ನಸ್ರುಲ್ಲಾ ಲೈನ್’, ‘ರಾಯಲ್ ಚಾರ್ಜರ್ ಲೈನ್’. ಆ ಇಬ್ಬರಿಗೂ ವೇಗ ಕೊಟ್ಟ ಅಜ್ಜಿಯರು ವಂಶಾವಳಿಯ ಪುಟದಲ್ಲಿ ಪ್ರತಿ ಗಂಡಿನ ಕೆಳಗಿನ ಸಾಲಿನಲ್ಲಿರುತ್ತಾರೆ. ನಮ್ಮ ಮನೆಗಳ ವಂಶವೃಕ್ಷವೂ ಹೀಗೇ ಅಲ್ವಾ? ಅಪ್ಪನ ಕಡೆ ಏಳು ತಲೆಮಾರು ಬಾಯಿಪಾಠ; ಅಮ್ಮನ ಅಜ್ಜಿಯ ಹೆಸರು ಕೇಳಿದರೆ ತಡವರಿಸುತ್ತೇವೆ.

ಎಂಟು ಫರ್ಲಾಂಗ್ ಓಡಲಾಗದೆ ಸೋತವಳ ರಕ್ತ ಬೆಲ್ಮಾಂಟ್‌ನಲ್ಲಿ ಹನ್ನೆರಡು ಫರ್ಲಾಂಗ್ ಓಡಿತು. ವಿಡಿಯೋ ನೋಡುವಾಗ ಅವಳನ್ನೂ ಒಮ್ಮೆ ನೆನೆಸಿಕೊಳ್ಳಿ. ಆಮೇಲೆ ಅಮ್ಮನಿಗೆ ಫೋನ್ ಮಾಡಿ, ಅವರ ಅಜ್ಜಿಯ ಹೆಸರೇನು ಅಂತ ಕೇಳಿ.